ಹಡಗಿನ ಹಣೆಬರಹ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲೆ ತಗಡಿನ ಕೋಣೆಯೊಂದಿದೆ. ಅದರಲ್ಲಿ ಕೂತು ಪೇಂಟರ್ ವೈಜನಾಥ ಈವರೆಗೆ ಮುನ್ನೂರಕ್ಕೂ ಹೆಚ್ಚು ಹಡಗುಗಳನ್ನು ನೀರಿಗಿಳಿಸಿದ್ದಾನೆ. ಸಮುದ್ರವನ್ನು ಮಾತ್ರ ಒಮ್ಮೆಯೂ ನೋಡಿಲ್ಲ. ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ಹುಟ್ಟಿ, ಹದಿನೆಂಟಕ್ಕೆ ಹೈದರಾಬಾದಿಗೆ ಬಂದು, ಇಲ್ಲೇ ಅರವತ್ತು ದಾಟಿದವನಿಗೆ ಸಮುದ್ರದ ಹತ್ತಿರ ಕೆಲಸವೇ ಬಿದ್ದಿರಲಿಲ್ಲ. ಹುಸೇನ್ ಸಾಗರ ಕೆರೆಯ ಹೆಸರಿನಲ್ಲಾದರೂ ಸಾಗರ ಇದೆಯಲ್ಲ ಎಂದು ಒಂದು ದಿನ ಅದರ ದಂಡೆಯಲ್ಲಿ ಕೂತು ತೆರೆಗಳನ್ನು ಅಭ್ಯಾಸ ಮಾಡಲು ಹೋದ. ಅರ್ಧ ಗಂಟೆಯಲ್ಲಿ ಮೂಗು ಮುಚ್ಚಿಕೊಂಡು ಎದ್ದು ಬಂದ. ಅಂದಿನಿಂದ ಅವನ ಸಮುದ್ರವೆಲ್ಲ ಮೊಬೈಲಿನೊಳಗಿನದು.

ಹಡಗುಗಳೂ ಅವನವಲ್ಲ. ಎರಡು ಮೂರು ಶತಮಾನಗಳ ಹಿಂದೆ ಹಾಲೆಂಡು, ಇಂಗ್ಲೆಂಡುಗಳ ಕಲಾವಿದರು ಬರೆದ ತೈಲಚಿತ್ರಗಳವು. ಮೂಲಚಿತ್ರಗಳು ಅಲ್ಲಿಯ ಮ್ಯೂಸಿಯಮ್ಮುಗಳಲ್ಲಿ ಕಾವಲಿನೊಳಗೆ ತೂಗುತ್ತಿವೆ. ಅವುಗಳ ನಕಲನ್ನು ಕೈಯಿಂದಲೇ, ಎಣ್ಣೆಬಣ್ಣದಲ್ಲೇ ಬರೆದುಕೊಟ್ಟರೆ ಹೈದರಾಬಾದಿನ ಹೊಸ ಬಂಗಲೆಗಳಲ್ಲಿ ಬೇಡಿಕೆ ಇದೆ. ಬಂಡೆ ಒಡೆದು ಮನೆ ಕಟ್ಟಿಸಿದ ಮೇಲೆ ಈ ಊರಿನ ಶ್ರೀಮಂತರಿಗೆ ಯಾಕೋ ನೀರಿನ ಮೋಹ ಹುಟ್ಟುತ್ತದೆ. ಆ ನೀರು ಟ್ಯಾಂಕರಿನಲ್ಲಿ ಬಂದರೆ ಸಾಲದು, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಬರಬೇಕು.

ಇದಕ್ಕೂ ಮೊದಲು ವೈಜನಾಥ ಅಂಗಡಿಗಳ ಬೋರ್ಡು, ಲಾರಿಗಳ ಹೆಸರು ಬರೆಯುತ್ತಿದ್ದ. ತೆಲುಗು, ಉರ್ದು, ಹಿಂದಿ, ಇಂಗ್ಲಿಷು, ಯಾವುದು ಹೇಳಿದರೂ ಸೈ. ಅಕ್ಷರಕ್ಕೆ ಜಾಗ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಪ್ರತಿ ಬೋರ್ಡಿನ ಬಲಗಡೆಯ ಕೆಳಮೂಲೆಯಲ್ಲಿ ‘ವೈಜನಾಥ ಆರ್ಟ್ಸ್, ಕಾಚಿಗೂಡ’ ಎಂದು ಬೆರಳುದ್ದ ಬರೆದು ಬ್ರಷ್ಷು ಒರೆಸಿದರೇ ಅವನಿಗೆ ಕೆಲಸ ಮುಗಿದ ಸಮಾಧಾನ. ಹೆಂಡತಿ ಅಂಬವ್ವನ ಜೊತೆ ದಿಲ್‌ಸುಖ್‌ನಗರದ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಬೆರಳು ತೋರಿಸುತ್ತಿದ್ದ. “ಅದು ನಂದು. ಅಗೋ, ಅದೂ ನಂದೇ.” ದಾರಿಯುದ್ದಕ್ಕೂ ಇದೇ ಪಾಠ. ಅಂಬವ್ವ “ಹೌದ್ರಿ, ಕೈ ಒಳಗ ತಗೋರಿ” ಎನ್ನುತ್ತಿದ್ದಳು.

ಆಮೇಲೆ ಫ್ಲೆಕ್ಸ್ ಬಂತು. ಯಂತ್ರದ ಒಂದು ಬಾಯಿಂದ ಬಣ್ಣ ಕುಡಿದು ಇನ್ನೊಂದು ಬಾಯಿಂದ ಬೋರ್ಡು ಉಗುಳುವ ಆ ವಿದ್ಯೆಯ ಮುಂದೆ ವೈಜನಾಥನ ಬ್ರಷ್ಷು ಏನು ಮಾಡೀತು? ಒಂದೊಂದೇ ಬೋರ್ಡು ಕೆಳಗಿಳಿಯಿತು. ಕೊನೆಗೆ ಉಳಿದದ್ದು ಒಂದು ಹಿಟ್ಟಿನ ಗಿರಣಿಯದು. ಅದನ್ನೂ ಕಿತ್ತು ಯಾರೋ ನೀರಿನ ತೊಟ್ಟಿಗೆ ಮುಚ್ಚಳ ಮಾಡಿಕೊಂಡರು, ಅದೂ ಅಕ್ಷರದ ಮುಖ ಕೆಳಗೆ ಮಾಡಿ. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ನನ್ನ ಹೆಸರು ಇನ್ನು ಎಲ್ಲೂ ಇಲ್ಲ ಎಂಬ ಸಂಕಟ ಅವನನ್ನು ಹಿಡಿದದ್ದು ಆ ದಿನ. ಬಿಡಲೇ ಇಲ್ಲ.

ಆಗ ಕೈ ಹಿಡಿದವಳು ಸ್ನೇಹಲತಾ. ಇವಳ ಅಪ್ಪ ಕಲಬುರಗಿಯಿಂದ ಬಂದು ಕಾಚಿಗೂಡದಲ್ಲಿ ಬೇಳೆಕಾಳಿನ ವ್ಯಾಪಾರ ಮಾಡಿದವರು. ಆ ಅಂಗಡಿಯ ಬೋರ್ಡು ಬರೆದವನೂ ವೈಜನಾಥನೇ. ಮಗಳು ಕಾನ್ವೆಂಟಿನಲ್ಲಿ ಓದಿ, ಬಂಜಾರಾ ಹಿಲ್ಸ್‌ನಲ್ಲಿ ಚಿತ್ರಗಳ ಮಳಿಗೆ ತೆರೆದು, ಅದಕ್ಕೆ ‘ಅತೆಲಿಯೆ’, ಅಂದರೆ ಚಿತ್ರಶಾಲೆ, ಎಂದು ಫ್ರೆಂಚ್ ಹೆಸರಿಟ್ಟಳು. ಅಂಬವ್ವನ ಬಾಯಲ್ಲಿ ಅದು ಮೊದಲ ದಿನವೇ ‘ಅತ್ತಿಮನಿ’ ಆಯಿತು. “ಅತ್ತಿಮನಿಯಿಂದ ಫೋನ್ ಬಂದೈತಿ ನೋಡ್ರಿ” ಎಂದರೆ ಹೊಸ ಹಡಗಿನ ಕೆಲಸ ಬಂದಿದೆ ಎಂದರ್ಥ.

ಸ್ನೇಹಲತಾ ಕೆಲಸ ಬೇಗ ಆಗಬೇಕಾದಾಗ ಕನ್ನಡದಲ್ಲಿ ‘ಕಾಕಾ’ ಎನ್ನುತ್ತಾಳೆ. ಗಿರಾಕಿಗಳೆದುರು ಇಂಗ್ಲಿಷಿನಲ್ಲಿ ‘ನಮ್ಮ ಟೀಮ್’ ಎನ್ನುತ್ತಾಳೆ. ಆ ಟೀಮಿನಲ್ಲಿ ವೈಜನಾಥನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಮೊದಲ ಹಡಗಿನ ಮೂಲೆಯಲ್ಲಿ ಇವನು ಅಭ್ಯಾಸಬಲದಿಂದ ಹೆಸರು, ಊರು, ಫೋನ್ ನಂಬರು ಮೂರನ್ನೂ ಬರೆದುಬಿಟ್ಟಿದ್ದ. ಅವಳು ಕಿರುಚದೆ ಉಳಿದದ್ದು ದೊಡ್ಡದು.

“ಕಾಕಾ, ಇದು ಕಿರಾಣಿ ಅಂಗಡಿ ಬೋರ್ಡಲ್ಲ. ಇದು ಕಾಪಿ. ಕಾಪಿ ಮ್ಯಾಲ ನಿಮ್ಮ ಹೆಸರು ಹಾಕಂಗಿಲ್ಲ.”

“ಅವನ ಹೆಸರು ಹಾಕೂಣೇನ್ರಿ ಮೇಡಮ್ಮಾರ, ಆ ಹಾಲೆಂಡದವಂದು?”

“ಹಾಕಿದ್ರ ಪೊಲೀಸರು ಬರತಾರ. ಯಾರದೂ ಬ್ಯಾಡ.”

ಮಾತು ನ್ಯಾಯವಾಗಿಯೇ ಇತ್ತು. ನಕಲು ಮಾಡಿದವನು ಹೆಸರು ಕೇಳಬಾರದು. ಹೀಗೆ ಎಂಟು ವರ್ಷ ಹೆಸರಿಲ್ಲದ ಹಡಗುಗಳನ್ನು ಬರೆದುಕೊಟ್ಟ. ಮೂಲೆಗೆ ಬಂದಾಗಲೆಲ್ಲ ಕೈ ತಡೆದು ನಿಲ್ಲುತ್ತಿತ್ತು, ಅಷ್ಟೇ.

ಎರಡು ವರ್ಷದ ಹಿಂದೆ ಮಹೇಶಕುಮಾರನ ಕೆಲಸ ಬಂತು. ಇವನು ಬಾಲಾನಗರದಲ್ಲಿ ನಟ್ಟು ಬೋಲ್ಟಿನ ಕಾರ್ಖಾನೆ ಇಟ್ಟವನು, ಅಜ್ಜನ ಕಾಲಕ್ಕೆ ಬಸವಕಲ್ಯಾಣದ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಿದ್ದು ಬರೆದದ್ದೆಲ್ಲ ತೆಲುಗು ಮತ್ತು ಇಂಗ್ಲಿಷು. ಹೊಸ ಬಂಗಲೆಯ ಹಾಲ್‌ಗೆ ಆರಡಿ ಅಗಲದ ಹಡಗು ಬೇಕೆಂದು ಸ್ನೇಹಲತಾಳ ಪುಸ್ತಕದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದನ್ನೇ ಆರಿಸಿದ. ಬಿರುಗಾಳಿಗೆ ಸಿಕ್ಕ ಹಡಗು ಅದು. ಕರಿ ಮೋಡ, ಮುರಿದ ಹಾಯಿಕಂಬ, ಎಡಕ್ಕೆ ವಾಲಿದ ಒಡಲು, ಮುಳುಗುವ ಸೂರ್ಯ, ಪಕ್ಕದಲ್ಲಿ ಬಂಡೆ. ಮುಂದೆ ಒಂದು ಸಣ್ಣ ದೋಣಿಯಲ್ಲಿ ಆರು ಮಂದಿ ಬಾಯಿ ತೆರೆದು ದೇವರನ್ನು ಕೂಗುತ್ತಿದ್ದರು. ವೈಜನಾಥ ಉತ್ಸಾಹದಿಂದ ಕ್ಯಾನ್ವಾಸು ಬಿಗಿದು ಇದ್ದಲಿನಲ್ಲಿ ಗೆರೆ ಎಳೆದ. ಒಂದು ವಾರ ಆಗಿರಲಿಲ್ಲ, ಅತ್ತಿಮನಿಯಿಂದ ಫೋನ್.

“ಕಾಕಾ, ಹಡಗು ತಿರುಗಿಸಬೇಕಾಗತೈತಿ.”

“ಯಾಕ್ರಿ?”

“ಮಹೇಶಕುಮಾರರ ವಾಸ್ತು ಪಂಡಿತರು ನೋಡ್ಯಾರ. ಹಡಗು ಬಾಗಿಲದ ಕಡೆ ಹೊಂಟೈತಂತ. ಮನಿಯೊಳಗಿನ ಲಕ್ಷ್ಮಿ ಅದನ್ನ ಹತ್ತಿ ಹೊರಗ ಹೋಗಿಬಿಡತಾಳಂತ. ಒಳಗ ಬರೂ ಹಂಗ ಮಾಡ್ರಿ.”

ಸರಿ, ತಿರುಗಿಸಿದ. ನಾಲ್ಕು ದಿನ ಬಿಟ್ಟು ಮತ್ತೆ ಫೋನ್. ಮನೆಯಲ್ಲಿ ಬಿರುಗಾಳಿ ತೂಗುಹಾಕಿದರೆ ಅತ್ತೆ ಸೊಸೆಯರಿಗೆ ಜಗಳ ಹತ್ತುತ್ತದೆಯಂತೆ, ಗಾಳಿ ತೆಗೆಯಬೇಕು. ವೈಜನಾಥ ತಲೆ ಕೆರೆದುಕೊಂಡ.

“ಗಾಳಿ ತಗದ್ರ, ಹಡಗು ಯಾಕ ವಾಲೈತಿ ಅಂತ ಮಂದಿ ಕೇಳೂದಿಲ್ಲೇನ್ರಿ?”

“ನೆಟ್ಟಗ ನಿಂದರಸ್ರಿ.”

ನೆಟ್ಟಗೆ ನಿಲ್ಲಿಸಿದ. ನಿಂತ ಮೇಲೆ ಮುರಿದ ಹಾಯಿಕಂಬ ಅಪಶಕುನವಾಗಿ ಕಂಡಿತು, ಅದನ್ನು ಜೋಡಿಸಿದ. ಮುಳುಗುವ ಸೂರ್ಯನನ್ನು ಮೂಡಿಸಿದ. ಪಂಡಿತ ಚಿತ್ರದ ಫೋಟೋಕ್ಕೇ ದಿಕ್ಸೂಚಿ ಹಿಡಿದು, ಬಂಡೆ ಈಶಾನ್ಯದಲ್ಲಿ ಬಂದಿದೆ, ಭಾರ ಯಾವತ್ತೂ ನೈಋತ್ಯದಲ್ಲಿರಬೇಕು ಎಂದ. ಕೋಟಿ ವರ್ಷ ಒಂದೇ ಕಡೆ ಕೂತಿದ್ದ ಬಂಡೆ ಒಂದು ಮಧ್ಯಾಹ್ನದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಬಂತು. ಹಡಗಿನ ಬಾವುಟ ಪರದೇಶದ್ದಾಯಿತೆಂದು ಅದನ್ನು ತೆಗೆದು ಮಹೇಶಕುಮಾರನ ಕಾರ್ಖಾನೆಯ ನಟ್ಟು ಬೋಲ್ಟಿನ ಗುರುತು ಹಾಕಲಾಯಿತು. ಕಡೆಗೆ ಉಳಿದವರು ದೋಣಿಯ ಆರು ಮಂದಿ.

“ಅವರು ಯಾಕ ಅಳಾಕತ್ತಾರಂತ ಕೇಳತಾರ, ಕಾಕಾ.”

“ಮುಳಗಾಕತ್ತಿದ್ರಲ್ರಿ ಮೇಡಮ್ಮಾರ, ಅದಕ್ಕ.”

“ಈಗ ಮುಳಗೂದಿಲ್ಲಲ್ಲ. ನಗಸ್ರಿ.”

ನಗಿಸಿದ. ಮುನ್ನೂರು ವರ್ಷ ಸಾವಿನ ದವಡೆಯಲ್ಲಿದ್ದ ಆರು ಜನ ಡಚ್ಚರು ಮದುವೆಯ ಗ್ರೂಪ್ ಫೋಟೋದಲ್ಲಿ ನಿಂತ ಬೀಗರ ಹಾಗೆ ಹಲ್ಲು ಕಿರಿದರು.

ಕೆಲಸ ಮುಗಿದ ಸಂಜೆ ವೈಜನಾಥ ಮೂಲಚಿತ್ರದ ಅಚ್ಚಿನ ಹಾಳೆಯನ್ನು ಕ್ಯಾನ್ವಾಸಿನ ಪಕ್ಕದಲ್ಲಿಟ್ಟು ಅಂಬವ್ವನನ್ನು ಕರೆದ. “ಎರಡೂ ಒಂದೇ ಅನಸತಾವೇನು?” ಅಂಬವ್ವ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಸೆರಗಿಗೆ ಒರೆಸುತ್ತ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು.

“ಇದು ಅದರ ಬೀಗರ ಪೈಕೀನೂ ಅಲ್ರಿ.”

ವೈಜನಾಥ ಎರಡನ್ನೂ ಮತ್ತೊಮ್ಮೆ ನೋಡಿದ. ಹೌದಲ್ಲ! ಗಾಳಿ ಇಲ್ಲ, ಮೋಡ ಇಲ್ಲ, ಬಂಡೆ ಅಲ್ಲಿಲ್ಲ, ಅಳು ಇಲ್ಲ. ಆ ಹಾಲೆಂಡಿನ ಪುಣ್ಯಾತ್ಮ ಎದ್ದು ಬಂದು ನೋಡಿದರೂ ಇದು ನನ್ನದೆನ್ನಲಾರ. ಹಾಗಾದರೆ ಇದು ನಕಲಲ್ಲ. ನಕಲಲ್ಲವೆಂದ ಮೇಲೆ ಹೆಸರು ಹಾಕಬಾರದೆಂಬ ಕಾನೂನೂ ಇದಕ್ಕಿಲ್ಲ. ಎಂಟು ವರ್ಷ ತಡೆದ ಕೈ ಅವತ್ತು ತಡೆಯಲಿಲ್ಲ. ಮೂಲೆಯಲ್ಲಿ ಬರೆದರೆ ಸ್ನೇಹಲತಾಳ ಕಣ್ಣಿಗೆ ಬೀಳುತ್ತದೆ. ಲಾರಿಯ ಹಣೆಯ ಮೇಲೆ ಬರೆದು ರೂಢಿಯಿದ್ದವನು ಹಡಗಿನ ಹಣೆಯನ್ನೇ ಹಿಡಿದ. ಮುಂಭಾಗದ ಮರದ ಹಲಗೆಯ ಮೇಲೆ, ತೀರ ಸಣ್ಣ ಬ್ರಷ್ಷಿನಿಂದ, ಹಳದಿಯಲ್ಲಿ, ಕನ್ನಡದಲ್ಲಿ ‘ವೈಜನಾಥ’ ಎಂದು ಬರೆದ. ಸ್ನೇಹಲತಾಳಿಗೆ ಕನ್ನಡ ಓದಲು ಬರುವುದಿಲ್ಲ, ಏನೋ ಕೆತ್ತನೆ ಎಂದುಕೊಳ್ಳುತ್ತಾಳೆ ಎಂಬ ಧೈರ್ಯ. ಕನ್ನಡಕ್ಕೂ ತೆಲುಗಿಗೂ ನಡುವೆ ಇರುವುದು ತಲೆಕಟ್ಟಿನ ವ್ಯತ್ಯಾಸ ಮಾತ್ರ ಎಂಬುದು, ಮೂವತ್ತು ವರ್ಷ ಅದೇ ತಲೆಕಟ್ಟನ್ನು ತಿದ್ದಿ ಹೊಟ್ಟೆ ಹೊರೆದವನಿಗೆ ಅವತ್ತು ಹೇಗೆ ಮರೆಯಿತೋ. ಮರೆಯಿತೋ, ಮರೆತ ಹಾಗೆ ಮಾಡಿದನೋ, ನನಗಂತೂ ಅನುಮಾನವಿದೆ.

ಗೃಹಪ್ರವೇಶದ ದಿನ ಬೆಳಿಗ್ಗೆಯೇ ವೈಜನಾಥ ಏಣಿ ತೆಗೆದುಕೊಂಡು ಹೋಗಿ ಚಿತ್ರ ತೂಗುಹಾಕಿ ಬಣ್ಣಕ್ಕೆ ತಾಗದಂತೆ ಬಟ್ಟೆ ಮುಚ್ಚಿದ. ಬಣ್ಣ ಇನ್ನೂ ಹಸಿ ಇತ್ತು. ಎಣ್ಣೆಬಣ್ಣ ಒಣಗಲು ತಿಂಗಳು ಬೇಕು, ಮುಹೂರ್ತಕ್ಕೆ ಅದನ್ನು ಯಾರು ಹೇಳುವುದು? ಹೊರಡುವಷ್ಟರಲ್ಲಿ ಮಹೇಶಕುಮಾರನ ತಾಯಿ ಗಂಗಾಬಾಯಿ ಇವನ ಮಾತು ಕೇಳಿ ಹಿಡಿದು ನಿಲ್ಲಿಸಿದಳು.

“ನಮ್ಮ ಕಡೆಯವರೇನ್ರಿ? ಯಾವೂರು?”

“ಭಾಲ್ಕಿ ಅವ್ವಾರ.”

“ಛಲೋ ಆತು ನೋಡ್ರಿ. ಐದು ಮಂದಿ ಮುತ್ತೈದೇರು ಬೇಕು, ಒಬ್ಬಾಕಿ ಕಡಿಮಿ ಬಿದ್ದಾಳ. ಮನಿಯಾಕಿನ್ನ ಕರಸ್ರಿ.”

ಹೀಗೆ ಅಂಬವ್ವ ಇಳಕಲ್ ಸೀರೆ ಉಟ್ಟು ಆಟೋದಲ್ಲಿ ಬಂದಳು. ಗಂಡ ಗೋಡೆಯ ಪಕ್ಕ ಏಣಿ ಹಿಡಿದು ನಿಂತಿದ್ದ. ಹೆಂಡತಿಗೆ ಮಣೆ, ಗಂಡನಿಗೆ ಏಣಿ.

ಪೂಜೆ ಮುಗಿದು ಬಟ್ಟೆ ಸರಿಸಿದರು. ನೆಂಟರೆಲ್ಲ “ಅಬ್ಬಾ” ಎಂದರು. ಸ್ನೇಹಲತಾ ಇಂಗ್ಲಿಷಿನಲ್ಲಿ ಮುನ್ನೂರು ವರ್ಷದ ಹಾಲೆಂಡಿನ ಪರಂಪರೆಯ ಬಗ್ಗೆ ಭಾಷಣ ಶುರುಮಾಡಿದಳು. ಮಹೇಶಕುಮಾರ ಮಾತ್ರ ಚಿತ್ರಕ್ಕೆ ಮೂಗು ತಗುಲುವಷ್ಟು ಹತ್ತಿರ ಹೋಗಿ ನಿಂತ. ಅವನ ತುಟಿ ಅಲುಗುವುದು ಕಂಡು ವೈಜನಾಥ ಏಣಿಯ ಮರೆಗೆ ಸರಿದ.

“ವೈ... ಜ... ನಾ... ಥ.” ಮಹೇಶಕುಮಾರ ತಿರುಗಿದ. ಕಣ್ಣಲ್ಲಿ ನೀರು. “ಅವ್ವಾ! ಪರಳಿ ವೈಜನಾಥ! ನಮ್ಮ ಮನಿದೇವರು! ಹಡಗಿನ ಹಣಿ ಮ್ಯಾಲ ಬರದಾರ!”

ಪರಳಿಯ ವೈಜನಾಥ ಎಂದರೆ ಸಾಕ್ಷಾತ್ ಶಿವ, ಬೀದರ ಸೀಮೆಯಲ್ಲಿ ಮನೆಗೊಬ್ಬನಂತೆ ಆ ಹೆಸರು ಇಟ್ಟುಕೊಳ್ಳುತ್ತಾರೆ. ನಮ್ಮ ಪೇಂಟರಿಗೂ ಅಪ್ಪ ಅಮ್ಮ ಆ ದೇವರಿಗೆ ಹರಕೆ ಹೊತ್ತೇ ಹೆಸರಿಟ್ಟದ್ದು. ಗಂಗಾಬಾಯಿ ಓಡಿ ಬಂದು ಚಿತ್ರಕ್ಕೆ ಹಣೆ ಹಚ್ಚುವುದೊಂದು ಬಾಕಿ. ಸ್ನೇಹಲತಾ ಒಂದು ಕ್ಷಣ ತಬ್ಬಿಬ್ಬಾದಳು, ಎರಡನೇ ಕ್ಷಣಕ್ಕೆ ಸಾವರಿಸಿಕೊಂಡಳು. ವ್ಯಾಪಾರಸ್ಥರ ಮಗಳು.

“ನಿಮ್ಮ ಮನಿದೇವರು ಯಾರು ಅಂತ ತಿಳಕೊಂಡೇ ನಮ್ಮ ಟೀಮ್ ಇದನ್ನ ಮಾಡೈತಿ ಸರ್.” ಹೇಳುತ್ತಲೇ ವೈಜನಾಥನನ್ನು ನೋಡಿದ ನೋಟದಲ್ಲಿ ‘ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಎಂದಿತ್ತು.

ಗಂಗಾಬಾಯಿ ಹೆಸರಿನ ಎರಡೂ ಬದಿಗೆ ಅರಿಷಿಣ ಕುಂಕುಮ ಹಚ್ಚಿದಳು. ಹಸಿ ಬಣ್ಣ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಅವಳ ಬೆರಳಿಗೆ ಒಂದಿಷ್ಟು ಸಮುದ್ರ ಮೆತ್ತಿತು. ಕಾಯಿ ಒಡೆದರು. “ಪರಳಿ ವೈಜನಾಥ ಮಹಾರಾಜ ಕೀ...” ಎಂದು ಮಹೇಶಕುಮಾರ ಕೂಗಿದ, ಮನೆ ತುಂಬ “ಜೈ” ಎದ್ದಿತು. ಅರವತ್ತು ವರ್ಷದಲ್ಲಿ ಪೇಂಟರ್ ವೈಜನಾಥನ ಹೆಸರನ್ನು ಇಷ್ಟು ಜನ ಒಟ್ಟಿಗೆ ಕೂಗಿದ್ದಿಲ್ಲ, ಆದರೆ ಆ ಕೂಗಿನಲ್ಲಿ ಅವನು ಇರಲಿಲ್ಲ. ಬಾಯಿ ಬಿಟ್ಟರೆ ಹೆಸರು ಅಳಿಯುತ್ತದೆ. ಬಾಯಿ ಮುಚ್ಚಿದರೆ ಹೆಸರು ಉಳಿಯುತ್ತದೆ, ದೇವರದಾಗಿ. ಅವನು ಬಾಯಿ ಮುಚ್ಚಿಕೊಂಡ. ಆ ತೊಟ್ಟಿಯ ಮುಚ್ಚಳದ ಮೇಲಿನಂತೆಯೇ ಅವನ ಹೆಸರು ಮತ್ತೆ ಮುಖ ಕೆಳಗಾಗಿ ಬಿತ್ತು.

“ಅಂಬವ್ವಾರ, ನೀವ್ಯಾಕ ಜೈ ಅನ್ನಲಿಲ್ರಿ?” ಗಂಗಾಬಾಯಿಯ ಕಣ್ಣು ಚುರುಕು.

ಅಂಬವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ನನಗ ಆ ಹೆಸರು ಅನ್ನಾಕ ಬರಂಗಿಲ್ರಿ. ಅದು ನಮ್ಮ ಮನಿಯವರ ಹೆಸರು.”

ಹೆಂಗಸರೆಲ್ಲ ನಕ್ಕರು. ಗಂಡನಿಗೆ ದೇವರ ಹೆಸರಿದ್ದರೆ ಹೆಂಡತಿಗೆ ಪೂಜೆಯೂ ಕಷ್ಟ ಎಂದು ಒಬ್ಬಳೆಂದಳು. ಯಾರಿಗೂ ಏನೂ ತಿಳಿಯಲಿಲ್ಲ. ಆರತಿಯ ಹೊತ್ತಾಯಿತು. ಆ ಸೀಮೆಯ ಪದ್ಧತಿ ಗೊತ್ತಲ್ಲ, ಬರಿದೇ ಗಂಡನ ಹೆಸರು ಹೇಳದ ಹೆಣ್ಣುಮಕ್ಕಳು ಆರತಿಯ ಮುಂದೆ ಒಡಪು ಕಟ್ಟಿ ಹೇಳಬೇಕು. ಎರಡು ಸಾಲಿನ ಪ್ರಾಸ, ಕೊನೆಗೆ ಗಂಡನ ಹೆಸರು. ನಾಲ್ಕು ಮುತ್ತೈದೆಯರು ಬೆಳ್ಳಿ ಬಟ್ಟಲು, ಮಲ್ಲಿಗೆ ಮೊಗ್ಗು ಎಂದು ಎಲ್ಲರಿಗೂ ಬರುವುದನ್ನೇ ಹೇಳಿ ಮುಗಿಸಿದರು. ಐದನೆಯವಳು ಅಂಬವ್ವ.

ಅವಳು ಮೊದಲು ಏಣಿಯ ಕಡೆ ನೋಡಿದಳು. ಗಂಡ ನೆಲ ನೋಡುತ್ತಿದ್ದ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ “ಅದು ನಂದು” ಎನ್ನುತ್ತಿದ್ದವನು ಇವನೇನಾ ಎಂದುಕೊಂಡಳು. ಆರತಿ ತಟ್ಟೆಯನ್ನು ಹಡಗಿನ ಕಡೆಗೇ ಎತ್ತಿ, ಗಟ್ಟಿ ದನಿಯಲ್ಲಿ ಹೇಳಿದಳು:

“ಒಣ ಗ್ವಾಡಿಗೆ ನೀರು ತಂದು ಹಡಗ ತೇಲಿಸಿದವರು ಯಾರು?
ಏಣಿ ಹಿಡಿದು ನಿಂತಾರಲ್ಲ, ನಮ್ಮ ಪೇಂಟರ್ ವೈಜನಾಥರು.”

ಎಲ್ಲರ ಮುಖ ಹಡಗಿಗೆ ಹೋಗಿ, ಅಲ್ಲಿಂದ ಏಣಿಗೆ ಬಂದು, ಮತ್ತೆ ಹಡಗಿಗೆ ಹೋಯಿತು. ಮಹೇಶಕುಮಾರ ಮೆಲ್ಲಗೆ ಕೇಳಿದ, “ಏನ್ರೀ ಮೇಡಂ, ಇದು ದೇವರ ಹೆಸರೋ, ಪೇಂಟರಂದೋ?”

ಸ್ನೇಹಲತಾಳ ಇಂಗ್ಲಿಷು ಅಲ್ಲಿಗೆ ಮುಗಿಯಿತು. “ಕಾಕಾ, ಚೀಲದಾಗ ಟರ್ಪೆಂಟೈನ್ ಐತೇನು? ಈಗಿಂದೀಗ ಅದನ್ನ ಒರಸಿಬಿಡ್ರಿ.”

ಚೀಲದಲ್ಲಿ ಟರ್ಪೆಂಟೈನ್ ಇತ್ತು. ಚಿಂದಿ ಬಟ್ಟೆಯೂ ಇತ್ತು. ವೈಜನಾಥ ಎರಡನ್ನೂ ಹೊರಗೆ ತೆಗೆದು ಏಣಿಯ ಎರಡು ಮೆಟ್ಟಿಲು ಹತ್ತಿದ. ಕೈ ಮುಂದೆ ಹೋಗಲಿಲ್ಲ. “ಇದು ಕಾಪಿ ಅಲ್ರಿ ಮೇಡಮ್ಮಾರ,” ಎಂದ. “ನೀವು ಹೇಳಿದ್ದೆಲ್ಲಾ ತಗದು ತಗದು, ಉಳದಿದ್ದು ನಂದರಿ.”

“ನಿಲ್ರಿ!” ಎಂದಳು ಗಂಗಾಬಾಯಿ. “ಯಾರೂ ಒರಸಬ್ಯಾಡ್ರಿ. ನಾ ಅದಕ್ಕ ಅರಿಷಿಣ ಕುಂಕುಮ ಹಚ್ಚೀನಿ. ಹೊಸ ಮನ್ಯಾಗ, ಇವತ್ತಿನ ದಿನ, ಕುಂಕುಮ ಅಳಸತೀರೇನು?” ಪೂಜೆಗೆ ಬಂದಿದ್ದ ವಾಸ್ತು ಪಂಡಿತನೂ ಹೌದೆಂದು ತಲೆ ಆಡಿಸಿದ. ಬಂಡೆಯನ್ನು ಕದಲಿಸಿದ ಮಹಾನುಭಾವನಿಗೆ ಕುಂಕುಮವನ್ನು ಕದಲಿಸುವ ಶಾಸ್ತ್ರ ಸಿಗಲಿಲ್ಲ.

“ಅಲ್ಲವ್ವಾ, ನಾವು ದಿನಾ ಮುಂಜಾನೆ ಎದ್ದು ಪೇಂಟರ್‌ಗೆ ಕೈ ಮುಗೀಬೇಕೇನು?” ಮಹೇಶಕುಮಾರ ಕಂಗಾಲಾಗಿದ್ದ.

ಗಂಗಾಬಾಯಿ ಮನೆತನ ನಡೆಸಿದ ಹೆಂಗಸು, ದಾರಿ ಸಿಗದೆ ಇರಲಿಲ್ಲ. “ಪೇಂಟರಣ್ಣಾ, ಮುಂದ ಒಂದು ‘ಶ್ರೀ’ ಬರೀರಿ. ಶ್ರೀ ಬಂತಂದ್ರ ದೇವರ ಹೆಸರಾಗತೈತಿ. ಮುಗೀತು.”

ವೈಜನಾಥ ಚಿಂದಿ ಬಟ್ಟೆಯನ್ನು ಚೀಲಕ್ಕೆ ಹಾಕಿ ಸಣ್ಣ ಬ್ರಷ್ಷು ತೆಗೆದ. ಕುಂಕುಮಕ್ಕೂ ಹೆಸರಿಗೂ ನಡುವೆ ಒಂದಕ್ಷರಕ್ಕೆ ಸರಿಯಾಗಿ ಜಾಗವಿತ್ತು. ಶ್ರೀ ಬರೆದ. ಅಂಗಡಿಗಳಿಗೆ, ಲಾರಿಗಳಿಗೆ, ಲಗ್ನದ ಮಂಟಪಗಳಿಗೆ ಸಾವಿರ ಸಲ ಬರೆದ ಅಕ್ಷರ ಅದು. ತನ್ನ ಹೆಸರಿನ ಮುಂದೆ ಮಾತ್ರ ಅದನ್ನು ಯಾರೂ ಹಾಕಿರಲಿಲ್ಲ, ಅವನೂ ಹಾಕಿಕೊಂಡಿರಲಿಲ್ಲ. ಗಂಗಾಬಾಯಿ ಕೈ ಮುಗಿದಳು, ಮಹೇಶಕುಮಾರನೂ ಅರ್ಧ ಮನಸ್ಸಿನಿಂದ ಕೈ ಮುಗಿದ. ಇಬ್ಬರೂ ಅದನ್ನು ದೇವರೆಂದು ಓದಿದರು. ಏಣಿಯ ಮೇಲಿದ್ದವನು ಅದನ್ನು ಬೇರೆ ರೀತಿ ಓದಿ, ಯಾರಿಗೂ ಹೇಳದೆ ಕೆಳಗಿಳಿದ.

ಸ್ನೇಹಲತಾ ಫೋನ್ ಎತ್ತಿದಳು. “ಕಾಕಾ, ಸ್ವಲ್ಪ ಸರೀರಿ. ಫೋಟೋದಾಗ ಬರಾಕತ್ತೀರಿ.”

ವೈಜನಾಥ ಎಂದಿನಂತೆ ಸರಿಯಲು ಹೊರಟ. ಅಂಬವ್ವ ಪಕ್ಕದಿಂದ ಕೈ ಚಾಚಿ ಅವನ ಅಂಗಿಯ ತೋಳು ಹಿಡಿದಳು. “ಸರೀಬ್ಯಾಡ್ರಿ, ಇಲ್ಲೇ ನಿಲ್ರಿ.” ಅವನು ನಿಂತ. ಸ್ನೇಹಲತಾ ಇನ್ನೆರಡು ಸಲ ಹೇಳಿ ಬೇಸತ್ತು ಗುಂಡಿ ಒತ್ತಿದಳು.

ವಾರದ ಮೇಲೆ ಆ ಫೋಟೋ ಮಳಿಗೆಯ ಪ್ರಚಾರದ ಪುಟದಲ್ಲಿ ಬಂತು. ಮನೆದೇವರ ಹೆಸರಿನ ಹಡಗುಗಳು ಬೇಕೆಂದು ಗಿರಾಕಿಗಳ ಸಾಲು ಶುರುವಾಗಿತ್ತು, ಯಲ್ಲಮ್ಮನದೊಂದು, ನರಸಿಂಹಸ್ವಾಮಿಯದೆರಡು. ವೈಜನಾಥ ಮೊಬೈಲನ್ನು ಅಂಬವ್ವನ ಮುಂದೆ ಹಿಡಿದ. ಮೇಲೆ ‘ಶ್ರೀ ವೈಜನಾಥ’, ಕೆಳಗೆ ಬ್ರಷ್ಷು ಹಿಡಿದ ಒಬ್ಬ ಮುದುಕ, ಪಕ್ಕದಿಂದ ಬಂದು ಅವನ ತೋಳು ಹಿಡಿದ ಹಸಿರು ಬಳೆಗಳ ಒಂದು ಕೈ. ಅಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು.

“ಏನಂತ ಬರದಾರ್ರೀ ಕೆಳಗ?”

“ಇನ್ನೇನು ಬರೀತಾರ,” ಎಂದ ವೈಜನಾಥ. “ನಮ್ಮ ಟೀಮ್ ಅಂತ ಬರದಾರ.”

ಅಂಬವ್ವ ಫೋಟೋದೊಳಗಿನ ತನ್ನ ಕೈಯನ್ನು ಹತ್ತಿರ ಹಿಡಿದು ನೋಡಿದಳು.

“ಮತ್ತ ಖರೇನ ಬರದಾರಲ್ರಿ,” ಎಂದಳು. “ಇಬ್ಬರು ಅದೀವಲ್ಲ.”